ಹೇಳಿ ಮಾಡಿಸಿದ ಕತ್ತಿ

ಕೈಯಲ್ಲಿ ಬಡಿದು ಮಾಡಿದ ಕತ್ತಿ, ಅದರ ಅಳತೆಗೇ ಹೊಲಿದ ಚರ್ಮದ ಒರೆ ಈಗ ಪಟ್ಟಣದವರ ಹವ್ಯಾಸದ ವಸ್ತುಗಳಾಗಿವೆ. ಹಿಡಿಗೆ ಚಂದದ ಮರ, ಅಲಗಿನ ಬುಡದಲ್ಲಿ ಮಾಡಿದವರ ಗುರುತು, ಒರೆಯ ಅಂಚಿನುದ್ದಕ್ಕೂ ಒಂದೇ ಸಮನಾದ ಹೊಲಿಗೆ, ಬೆಲೆ ಸಾವಿರಗಳ ಲೆಕ್ಕದಲ್ಲಿ. ಇದನ್ನು ಕಂಡ ಮಲೆನಾಡಿನ ಹಲವರು ದುಡ್ಡಿದ್ದವರ ಖಯಾಲಿ ಎಂದು ಸುಮ್ಮನಾಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹೇಳಿ ಮಾಡಿಸಿದ ಕತ್ತಿಯೇ ಮಾಮೂಲಿ ಕತ್ತಿಯಾಗಿತ್ತು. ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ, ಯಾರ ಕೈಗಾದರೂ ಆದೀತು ಎಂದು ಅಚ್ಚು ಹೊಡೆದ ಕತ್ತಿ ಬಂದದ್ದು ಆಮೇಲೆ. ಕುಲುಮೆಗೆ ಹೋಗಿ ಕೆಲಸ ಹೇಳಿ, ಅಳತೆ ಹೇಳಿ, ಆಚಾರಿಯ ಕೈಯಲ್ಲಿ ಮಾಡಿಸಿಕೊಳ್ಳುವ ಕ್ರಮ ಇಂದಿಗೂ ಲಾಭದ್ದೇ ಎಂಬುದು ನನ್ನ ವಾದ. ಹಳೆಯದು ಎಂಬ ಮಮತೆಯಿಂದ ಈ ಮಾತು ಹೇಳುತ್ತಿಲ್ಲ. ಈ ನೆಲದ ಕೆಲಸ, ಇಲ್ಲಿಯ ಉಕ್ಕು, ಇಲ್ಲಿಯ ಮಳೆ ಮೂರೂ ಆ ಕ್ರಮದ ಪರವಾಗಿ ಸಾಕ್ಷಿ ಹೇಳುತ್ತವೆ. ಒರೆಯ ವಿಚಾರದಲ್ಲಂತೂ ಮಳೆಯ ಸಾಕ್ಷಿ ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಆಗಿದೆ.

ಮೊದಲು ಕೆಲಸವನ್ನು ನೋಡೋಣ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಕೊನೆಗಾರ ಮರದ ತುದಿಯಲ್ಲಿರುತ್ತಾನೆ. ಹತ್ತುವಾಗ ಅವನ ಎರಡು ಕೈಯೂ ಮರಕ್ಕೇ ಬೇಕು, ಹಾಗಾಗಿ ಕತ್ತಿ ಸೊಂಟದಲ್ಲಿ. ತುದಿ ಮುಟ್ಟಿದ ಮೇಲೆ ಅದು ಒಂದೇ ಎಳೆತಕ್ಕೆ ಕೊನೆಯ ಬುಡವನ್ನು ಕತ್ತರಿಸಬೇಕು, ಏಕೆಂದರೆ ಎರಡನೆಯ ಏಟು ಹಾಕುವಷ್ಟು ನಿಲುವು ಅಲ್ಲಿ ಸಿಗುವುದಿಲ್ಲ. ಅದು ಹಗುರವೂ ಗಿಡ್ಡವೂ ಆಗಿರಬೇಕು. ಅದೇ ಅಡಿಕೆ ಮನೆಗೆ ಬಂದ ಮೇಲೆ ಸುಲಿಯುವುದು ಮೆಟ್ಟುಗತ್ತಿಯಲ್ಲಿ. ಮಣೆಗೆ ನೆಟ್ಟ ಅಲಗು ಕದಲುವುದಿಲ್ಲ. ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತವರು ಹಸಿ ಅಡಿಕೆಯನ್ನು ಅಲಗಿನ ಮೇಲೆ ಒತ್ತಿ, ತಿರುಗಿಸಿ, ಸಿಪ್ಪೆ ಬಿಡಿಸುತ್ತಾರೆ. ಇಲ್ಲಿ ಹರಿತ ವಿಪರೀತವಾದರೂ ಕಷ್ಟ. ಸಿಪ್ಪೆ ಸೀಳಿ ಒಳಗಿನ ಅಡಿಕೆಗೆ ಗಾಯವಾಗದಂತೆ ನಿಲ್ಲುವ ಹರಿತ ಬೇಕು. ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುವ ಕತ್ತಿ ಇವೆರಡಕ್ಕೂ ದೂರದ ಜಾತಿ. ಅದರ ತುದಿ ಒಳಕ್ಕೆ ಬಾಗಿರುತ್ತದೆ. ಕೊಂಬೆ ಜಾರದಂತೆ ಆ ಬಾಗು ಹಿಡಿಯುತ್ತದೆ, ಕತ್ತಿ ನೆಲಕ್ಕೆ ತಾಗಿದಾಗ ಕಲ್ಲಿನ ಪೆಟ್ಟನ್ನು ಕೊಕ್ಕೇ ತಿಂದು ಬಾಯನ್ನು ಉಳಿಸುತ್ತದೆ. ತೂಕ ಮುಂದಕ್ಕಿರಬೇಕು, ಆಗ ಬೀಸಿದವರ ತೋಳಿಗೆ ಅರ್ಧ ಶ್ರಮ. ಬೇಲಿಗೆ ಬಿದಿರು ಸೀಳುವ ಕತ್ತಿಗೆ ಬೆನ್ನು ದಪ್ಪ, ಅಲಗು ನೇರ. ಗದ್ದೆಗೆ ಕುಡುಗೋಲು, ಅಡುಗೆಮನೆಗೆ ಈಳಿಗೆಮಣೆ, ಕವಳದ ಬಟ್ಟಲಿಗೆ ಅಡಕತ್ತರಿ. ಒಂದು ತೋಟದ ಮನೆಯಲ್ಲಿ ಕಬ್ಬಿಣದ ಬಾಯಿ ಇಷ್ಟು ಬಗೆಯಾಗಿ ಕವಲೊಡೆದಿರುವಾಗ, ಒಂದೇ ಅಚ್ಚಿನ ಕತ್ತಿ ಎಲ್ಲಕ್ಕೂ ಆದೀತು ಎನ್ನುವುದು ಆ ಕೆಲಸಗಳನ್ನು ಸರಿಯಾಗಿ ನೋಡದವರ ಮಾತು.

ಕೆಲಸ ಒಂದೇ ಆದರೂ ಮಾಡುವ ಕೈ ಒಂದೇ ಆಗಿರುವುದಿಲ್ಲ. ಎಡಗೈಯವರ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಂದೇ ಬದಿಗೆ ಬಾಯಿ ತೆಗೆದ ಕತ್ತಿ ಬಲಗೈಯಲ್ಲಿ ಹಿಡಿದಾಗ ಮರದೊಳಕ್ಕೆ ನೇರ ಇಳಿಯುತ್ತದೆ, ಎಡಗೈಯಲ್ಲಿ ಹಿಡಿದರೆ ಹೊರಕ್ಕೆ ಜಾರುತ್ತದೆ. ಅಂಗಡಿಯ ಕತ್ತಿ ಎಡಗೈಯವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಕುಲುಮೆಯಲ್ಲಿ ಒಂದು ಮಾತು ಹೇಳಿದರೆ ಸಾಕು, ಬಾಯಿ ಇನ್ನೊಂದು ಬದಿಗೆ ಬರುತ್ತದೆ. ಹೆಂಗಸರು ಹಿಡಿಯುವ ಕತ್ತಿಯದೂ ಇದೇ ಕಥೆ. ದೊಡ್ಡ ಅಂಗೈಗೆಂದು ಮಾಡಿದ ದಪ್ಪ ಹಿಡಿಯನ್ನು ಚಿಕ್ಕ ಕೈ ಬಿಗಿಯಾಗಿ ಹಿಡಿಯಲಾರದು, ಬಿಗಿ ಸಿಗದ ಹಿಡಿ ಒದ್ದೆಯಾದಾಗ ತಿರುಗುತ್ತದೆ, ತಿರುಗಿದ ಕತ್ತಿ ಮೊದಲು ಕಾಣುವುದು ಬೆರಳನ್ನು. ಸೊಪ್ಪು, ಹುಲ್ಲು, ಸೌದೆ ಎಂದು ದಿನವಿಡೀ ಕತ್ತಿ ಹಿಡಿದೇ ದುಡಿಯುವ ಹೆಂಗಸರು ನಮ್ಮಲ್ಲಿ ಎಷ್ಟಿದ್ದಾರೆ ಎಂದು ಯೋಚಿಸಿದರೆ ಹಿಡಿಯ ಅಳತೆ ಸಣ್ಣ ವಿಚಾರವಾಗಿ ಉಳಿಯುವುದಿಲ್ಲ. ಹಳೆಯ ಕತ್ತಿ ಸವೆದು ಮುಗಿದಾಗ ಅದನ್ನೇ ಕೈಯಲ್ಲಿ ಹಿಡಿದು ಕುಲುಮೆಗೆ ಹೋಗುವ ರೂಢಿಯಲ್ಲಿ ಒಳ್ಳೆಯ ಬುದ್ಧಿಯಿದೆ. ಸವೆದ ಅಲಗು ಅದರ ಒಡೆಯನ ಕೈ ಹೇಗೆ ಬೀಸುತ್ತದೆ, ಮಸೆಗಲ್ಲಿಗೆ ಯಾವ ಕೋನದಲ್ಲಿ ಹಿಡಿಯುತ್ತದೆ, ಹೆಚ್ಚು ಕೆಲಸ ಬಾಯಿಯ ಯಾವ ಭಾಗಕ್ಕೆ ಬೀಳುತ್ತದೆ ಎಂಬುದನ್ನೆಲ್ಲ ತೋರಿಸುತ್ತದೆ. ಅನುಭವಿ ಆಚಾರಿ ಅದನ್ನು ಒಮ್ಮೆ ತಿರುಗಿಸಿ ನೋಡಿ, ಹೊಸದರಲ್ಲಿ ಅಲ್ಲೇ ಒಂದಿಷ್ಟು ಉಕ್ಕು ಹೆಚ್ಚು ಬಿಡುತ್ತಾರೆ.

ಇನ್ನು ಉಕ್ಕು. ಈಗ ನಮ್ಮ ಕುಲುಮೆಗಳಲ್ಲಿ ಕತ್ತಿಯಾಗುವುದು ಬಹುಪಾಲು ಲಾರಿಯ ಸ್ಪ್ರಿಂಗ್ ಪ್ಲೇಟು. ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಇಂಗಾಲವಿರುವ ಈ ಉಕ್ಕು ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ್ದು. ಪೆಟ್ಟು ತಿಂದರೆ ಸುಲಭಕ್ಕೆ ಮುರಿಯುವುದಿಲ್ಲ, ಹದ ಕೊಟ್ಟರೆ ಬಾಯಿ ನಿಲ್ಲುತ್ತದೆ, ಸೊಪ್ಪುಗತ್ತಿಗೆ ಇದಕ್ಕಿಂತ ಯೋಗ್ಯ ಉಕ್ಕನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಕತ್ತಿಯ ಭವಿಷ್ಯ ತೀರ್ಮಾನವಾಗುವುದು ಬಡಿಯುವಾಗಲ್ಲ, ಹದ ಕೊಡುವ ಕೆಲವೇ ಕ್ಷಣಗಳಲ್ಲಿ. ಅಲಗನ್ನು ಕೆಂಡದಲ್ಲಿ ಕಾಯಿಸಿ, ಅದು ಮಾಗಿದ ಕಿತ್ತಳೆಗೆಂಪಿಗೆ ತಿರುಗಿದಾಗ ಬಾಯಿಯನ್ನಷ್ಟೇ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಬಾಯಿ ಗಾಜಿನಷ್ಟು ಗಡುಸಾಗಿದೆ, ಬೆನ್ನಿನಲ್ಲಿ ಇನ್ನೂ ಕಾವಿದೆ. ಕೂಡಲೇ ಬಾಯಿಯ ಪಕ್ಕದ ಮಸಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಕಣ್ಣು ನೆಟ್ಟು ಕಾಯುತ್ತಾರೆ. ಬೆನ್ನಿನ ಕಾವು ಬಾಯಿಯ ಕಡೆಗೆ ಹರಿದು ಬರುವಾಗ ಉಜ್ಜಿದ ಜಾಗದಲ್ಲಿ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನ ಕಾವು, ನೀಲಿ ಸುಮಾರು 300. ಹಳದಿಯಲ್ಲೇ ಮತ್ತೆ ನೀರಿಗಿಟ್ಟರೆ ಬಾಯಿ ಗಡುಸಾಗಿ ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಗಂಟು ಮರಕ್ಕೆ ಬಡಿದಾಗ ಚಕ್ಕೆ ಏಳಬಹುದು. ನೀಲಿಯವರೆಗೆ ಬಿಟ್ಟರೆ ಪೆಟ್ಟು ತಡೆಯುತ್ತದೆ, ಪದೇ ಪದೇ ಮಸೆಯಬೇಕಾಗುತ್ತದೆ. ಮೆಟ್ಟುಗತ್ತಿಗೆ ಒಂದು ಬಣ್ಣ, ಸೌದೆ ಕತ್ತಿಗೆ ಇನ್ನೊಂದು. ಕೆಲಸ ಏನೆಂದು ಆಚಾರಿಗೆ ಹೇಳದೆ ಹೋದರೆ ಅವರು ಯಾವ ಬಣ್ಣದಲ್ಲಿ ನಿಲ್ಲಿಸಬೇಕು? ಗಿರಾಕಿಯ ಮಾತು ಲೋಹದ ಒಳಕ್ಕೇ ಇಳಿಯುವುದು ಇಲ್ಲಿ. ಹಿಡಿಯ ಮೇಲೆ ಹೆಸರು ಕೆತ್ತಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಆಳದ ಗುರುತು.

ಇದಕ್ಕೆ ಬರುವ ಆಕ್ಷೇಪಣೆ ಗೊತ್ತೇ ಇದೆ. ಕಣ್ಣಳತೆಯ ಹದಕ್ಕಿಂತ ಕಾರ್ಖಾನೆಯ ಉಷ್ಣಮಾಪಕ ನಂಬಿಕಸ್ಥವಲ್ಲವೇ? ಗುಜರಿಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದಲ್ಲವೇ? ಈ ಎರಡೂ ಪ್ರಶ್ನೆಗಳಲ್ಲಿ ಸತ್ಯವಿದೆ, ತಳ್ಳಿಹಾಕುವಂತಿಲ್ಲ. ಲಕ್ಷಾಂತರ ಸಲ ಬಾಗಿ ಎದ್ದ ಪ್ಲೇಟು ಬಳಲಿರುತ್ತದೆ, ನಡುವಿನ ಬೋಲ್ಟಿನ ತೂತಿನ ಸುತ್ತ ಬಿರುಕು ಮೂಡುವುದು ಸಾಮಾನ್ಯ. ಎಚ್ಚರವುಳ್ಳ ಆಚಾರಿ ಆ ಭಾಗವನ್ನು ಕತ್ತರಿಸಿ ಬಿಸಾಡುತ್ತಾರೆ, ಉಳಿದದ್ದನ್ನು ತಟ್ಟಿ ಸದ್ದು ಕೇಳುತ್ತಾರೆ, ಹದ ಕೊಟ್ಟ ಮೇಲೆ ಮತ್ತೊಮ್ಮೆ ನೋಡುತ್ತಾರೆ. ನೀರಿಗಿಟ್ಟಾಗ ಒಳಗಿನ ಬಿರುಕು ಬಾಯಿ ಬಿಡುವುದರಿಂದ ಹದವೇ ಒಂದು ಪರೀಕ್ಷೆಯಾಗುತ್ತದೆ. ಅಷ್ಟಕ್ಕೂ ನಂಬಿಕೆ ಸಾಲದಿದ್ದರೆ ಅದೇ ಜಾತಿಯ ಹೊಸ ಉಕ್ಕಿನ ಪಟ್ಟಿ ಪೇಟೆಯಲ್ಲಿ ಸಿಗುತ್ತದೆ, ಅದನ್ನು ತಂದುಕೊಡುವುದಕ್ಕೆ ಅಡ್ಡಿಯಿಲ್ಲ. ಉಷ್ಣಮಾಪಕದ ಮಾತಿಗೆ ನನ್ನ ಉತ್ತರ ಹೀಗೆ: ಕಾರ್ಖಾನೆ ಒಂದೇ ಹದವನ್ನು ಸಾವಿರ ಕತ್ತಿಗೆ ತಪ್ಪದೆ ಕೊಡಬಲ್ಲದು, ನಿಜ. ಆದರೆ ಅದು ಕೊಟ್ಟ ಹದ ನಿಮ್ಮ ಕೆಲಸದ್ದೋ ಅಲ್ಲವೋ ಎಂದು ಅದಕ್ಕೆ ಗೊತ್ತಿರುವುದಿಲ್ಲ. ತಪ್ಪು ಹದ ಎಷ್ಟು ನಿಖರವಾಗಿದ್ದರೆ ಏನು ಬಂತು? ಇನ್ನು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಕತ್ತಿ. ಅಡುಗೆಮನೆಯಲ್ಲಿ ಅದಕ್ಕೆ ಜಾಗವಿದೆ. ತೋಟದಲ್ಲಿ ಅದು ಮೊಂಡಾದಾಗ ಹಳ್ಳದ ಮಸೆಗಲ್ಲಿಗೆ ಬೇಗ ಬಗ್ಗುವುದಿಲ್ಲ, ಬಾಯಿ ಮುಕ್ಕಾದರೆ ಊರಿನ ಕುಲುಮೆಯಲ್ಲಿ ಮತ್ತೆ ಕಾಯಿಸಿ ತಟ್ಟಿ ಹದಕ್ಕೆ ತರಲೂ ಆಗುವುದಿಲ್ಲ. ಸ್ಪ್ರಿಂಗ್ ಪ್ಲೇಟಿನ ಕತ್ತಿಯನ್ನು ಸವೆದಂತೆಲ್ಲ ಬಾಯಿ ಬಡಿಸಿ ವರ್ಷಗಟ್ಟಲೆ ನಡೆಸಬಹುದು, ಕೊನೆಗೆ ಉಳಿದ ತುಂಡು ಚೂರಿಯಾದೀತು.

ಈ ಸೀಮೆಗೆ ಕಬ್ಬಿಣದ ಅರಿವು ಹೊರಗಿನಿಂದ ಬಂದದ್ದೇನಲ್ಲ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಎದುರು ಒಂದು ಕಬ್ಬಿಣದ ಕಂಬ ನಿಂತಿದೆ. ಚಾರಣಕ್ಕೆ ಹೋದವರು ಅದನ್ನು ದಾಟಿಕೊಂಡೇ ಸರ್ವಜ್ಞಪೀಠಕ್ಕೆ ಹತ್ತುತ್ತಾರೆ, ನಿಂತು ನೋಡುವವರು ಕಡಿಮೆ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ ಅದನ್ನು ಪರಿಶೀಲಿಸಿ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು; ಕಾರ್ಖಾನೆಯ ಕಬ್ಬಿಣವಲ್ಲ, ಹಳೆಯ ದೇಶೀ ಕುಲುಮೆಯ ಕಬ್ಬಿಣ ಅದು ಎಂಬುದು ಅವರ ತೀರ್ಮಾನ. ಆ ಮಳೆ, ಆ ಮಂಜಿನಲ್ಲಿ ಅದು ಇಷ್ಟು ಕಾಲ ನಿಂತಿದೆ. 1801ರಲ್ಲಿ ಇಕ್ಕೇರಿಯನ್ನೂ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನೂ, ಅಂದರೆ ಈಗಿನ ನಗರವನ್ನೂ, ಹಾದುಹೋದ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಕಬ್ಬಿಣ, ಉಕ್ಕಿನ ಕುಲುಮೆಗಳ ವಿವರವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟ. 1807ರಲ್ಲಿ ಅದು ಅಚ್ಚಾಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಹರಿಸತೊಡಗಿದಾಗ ಅದರ ಕುಲುಮೆಗೂ ಉರಿಯಾದದ್ದು ಇದೇ ಮಲೆನಾಡಿನ ಕಾಡಿನ ಇದ್ದಿಲು. ಅದಿರು ಕರಗಿಸುವ ಹಳೆಯ ಕಸುಬು ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು, ಕಬ್ಬಿಣವನ್ನು ಕತ್ತಿ ಮಾಡುವ ಕಸುಬು ಉಳಿಯಿತು. ಕರಗಿಸುವುದು ದೊಡ್ಡ ಕುಲುಮೆಗೆ ಅಗ್ಗವಾಯಿತು, ಅಳತೆಗೆ ತಕ್ಕಂತೆ ಬಡಿಯುವುದನ್ನು ದೊಡ್ಡ ಕುಲುಮೆ ಕಿತ್ತುಕೊಳ್ಳಲಾಗಲಿಲ್ಲ. ಸಣ್ಣ ಕುಲುಮೆಯ ನಿಜವಾದ ಬಲ ಎಲ್ಲಿದೆ ಎಂಬುದಕ್ಕೆ ಈ ನೂರು ವರ್ಷದ ಚರಿತ್ರೆಗಿಂತ ಬೇರೆ ಪುರಾವೆ ಬೇಕಿಲ್ಲ.

ಈಗ ಒರೆಯ ವಿಚಾರಕ್ಕೆ ಬರುತ್ತೇನೆ. ಕತ್ತಿ ಮಾಡಿಸಿದವರಿಗೆ ಚರ್ಮದ ಒರೆಯ ಆಸೆ ಹುಟ್ಟುವುದು ಸಹಜ. ನೋಡಲು ಚಂದ, ಬಾಯಿಗೆ ಮರೆ, ಮೈಗೆ ರಕ್ಷೆ. ಹಾಗಿದ್ದರೆ ಕತ್ತಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಡದಿದ್ದ ಮಲೆನಾಡಿನ ದುಡಿಮೆಗಾರರು ಒರೆಯನ್ನು ಯಾಕೆ ಕಟ್ಟಿಕೊಳ್ಳಲಿಲ್ಲ? ಅವರು ಕಟ್ಟಿಕೊಂಡದ್ದು ಕೊಕ್ಕೆ. ಸೊಂಟದ ಹಿಂದೆ ಹುರಿಯಲ್ಲಿ ಬಿಗಿದ ಕೊಕ್ಕೆಗೆ ಕತ್ತಿ ಸಿಕ್ಕಿಸಿದರೆ ಹಿಡಿ ಮೇಲೆ, ಅಲಗು ಬಯಲಿಗೆ. ಚರ್ಮ ಕೊಳ್ಳುವ ಶಕ್ತಿಯಿಲ್ಲದೆ ಹೀಗೆ ಮಾಡಿದರು ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ ಎಂದು ನನ್ನ ತಿಳುವಳಿಕೆ, ಏಕೆಂದರೆ ಗದ್ದೆ ಮನೆಯ ಒಡೆಯರೂ ಕೊಕ್ಕೆಯನ್ನೇ ಕಟ್ಟುತ್ತಿದ್ದರು. ಕಾರಣ ಹುಡುಕಬೇಕಾದದ್ದು ಆಕಾಶದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ; ಹೊಸನಗರದ ಹುಲಿಕಲ್ ಅದರ ಜೊತೆಗೇ ಪೈಪೋಟಿಗೆ ನಿಲ್ಲುವ ಜಾಗ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಒಣಗಿದ ಚರ್ಮ ಎಂಬುದೇ ಇಲ್ಲ. ಬಾಗಿಲ ಹಿಂದೆ ತೂಗುಹಾಕಿದ ಚೀಲ, ಪೆಟ್ಟಿಗೆಯೊಳಗಿನ ಬೂಟು, ಎಲ್ಲಕ್ಕೂ ಬಿಳಿ ಬೂಷ್ಟು. ಚರ್ಮ ನೀರು ಕುಡಿದು ಉಬ್ಬುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಒದ್ದೆಯಾದ ಅಲಗನ್ನು ಒದ್ದೆ ಚರ್ಮದೊಳಗೆ ತುರುಕಿ ಗಾಳಿ ತಪ್ಪಿಸಿಟ್ಟರೆ ಎರಡು ರಾತ್ರಿಯಲ್ಲಿ ಕೆಂಪು ತುಕ್ಕು. ಕೊಕ್ಕೆಯಲ್ಲಿ ತೂಗುವ ಕತ್ತಿ ಮಳೆಯಲ್ಲಿ ತೊಯ್ದರೂ ಗಾಳಿಗೆ ಆರುತ್ತದೆ, ಮನೆಗೆ ಬಂದ ಮೇಲೆ ಒಲೆಯ ಮೇಲಿನ ಅಟ್ಟದ ಬೆಚ್ಚನೆಯಲ್ಲಿ ಹೊಗೆ ಕುಡಿದು ಕೂರುತ್ತದೆ.

ಚರ್ಮದೊಳಗಿನ ರಸಾಯನವೂ ಅಲಗಿನ ಸ್ನೇಹಿತನಲ್ಲ. ಈಗ ಹೆಚ್ಚಾಗಿ ಸಿಗುವುದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ. ಒರೆಗೆ ಅದು ಸಲ್ಲದು, ಉಳಿದ ಲವಣ ತೇವದ ಜೊತೆ ಸೇರಿ ಉಕ್ಕನ್ನು ತಿನ್ನುತ್ತದೆ. ತಂಗಡಿ ಚಕ್ಕೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ ಗಟ್ಟಿ, ಒದ್ದೆ ಮಾಡಿ ಒತ್ತಿದ ಆಕಾರವನ್ನು ಹಿಡಿದುಕೊಳ್ಳುತ್ತದೆ, ಒರೆಗೆ ಅದೇ ಬೇಕು. ಆದರೆ ಅದರಲ್ಲಿಯೂ ಒಗರಿನ ಆಮ್ಲವಿದೆ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ ಎಂಬುದು ಹಿಂದೆ ಶಾಯಿ ಕಾಯಿಸುತ್ತಿದ್ದವರಿಗೆಲ್ಲ ತಿಳಿದಿತ್ತು. ಅಡಿಕೆ ಸುಲಿಯುವ ಕತ್ತಿಗಳು ಕಪ್ಪಾಗಿರುವುದೂ ಅಡಿಕೆಯ ಚೊಗರಿನಿಂದಲೇ. ಅಲ್ಲಿ ಅದು ತೆಳುವಾಗಿ ಕೂತು, ದಿನವೂ ಒರೆಸಿಕೊಂಡು, ಅಲಗಿಗೆ ಒಂದು ಬಗೆಯ ಮೈಗಾಪಾಗುತ್ತದೆ. ತೇವದ ಒರೆಯೊಳಗೆ ವಾರಗಟ್ಟಲೆ ಕೂತಾಗ ಅದೇ ಒಗರು ಅಲಗಿನ ಮೈಯಲ್ಲಿ ಗುಳಿ ತೋಡುತ್ತದೆ.

ಇದೇ ಘಟ್ಟದ ಸಾಲಿನ ಕೊಡಗನ್ನು ನೋಡಿದರೆ ಇದೇ ಮಾತಿಗೆ ಮತ್ತೊಂದು ಸಾಕ್ಷಿ ಸಿಗುತ್ತದೆ. ಕೊಡವರ ಪೀಚೆಕತ್ತಿಗೆ ಒರೆಯಿದೆ, ಬೆಳ್ಳಿಯ ಕೆಲಸವಿದೆ. ಅದು ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಸೊಂಟಪಟ್ಟಿಗೆ ಸಿಕ್ಕಿಸುವ ಮಂಗಲ ಕಾರ್ಯದ ಕತ್ತಿ. ಅಗಲ ಬಾಯಿಯ ಒಡಿಕತ್ತಿಯನ್ನು ಮಾತ್ರ ಬೆನ್ನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ ಅಲಗು ತೆರೆದೇ ಸಿಕ್ಕಿಸುತ್ತಾರೆ. ಸಿಂಗಾರದ ಕತ್ತಿಗೆ ಒರೆ, ಕಾಡಿನ ಕತ್ತಿಗೆ ಕೊಕ್ಕೆ. ಒಂದೇ ಘಟ್ಟ, ಒಂದೇ ಮಳೆ, ಒಂದೇ ತೀರ್ಮಾನ. ಚರ್ಮದ ಒರೆಯ ತವರೆನ್ನಬಹುದಾದ ಫಿನ್ಲೆಂಡಿನಲ್ಲಿಯೂ ಪುಕ್ಕೊ ಎಂಬ ಗಿಡ್ಡ ಕತ್ತಿಯ ಒರೆಯೊಳಗೆ ಮರದ ತೆಳು ಅಚ್ಚೊಂದನ್ನು ಕೂರಿಸುವ ರೂಢಿ ಇದೆ. ಅಲಗು ತಾಗುವುದು ಮರಕ್ಕೆ, ಚರ್ಮಕ್ಕಲ್ಲ. ಹಿಮದ ನಾಡಿನವರೇ ಇಷ್ಟು ಎಚ್ಚರ ವಹಿಸಿರುವಾಗ ಆಗುಂಬೆಯ ಮಳೆಗೆ ಬರಿಯ ಚರ್ಮದ ಒರೆಯನ್ನು ಹೊಲಿಸಿಕೊಳ್ಳುವುದು ವಿವೇಕವಲ್ಲ.

ಹಾಗೆಂದು ಒರೆಯೇ ಬೇಡ ಎನ್ನುತ್ತಿಲ್ಲ. ಬಸ್ಸಿನಲ್ಲಿ, ಬೈಕಿನಲ್ಲಿ, ಮಕ್ಕಳಿರುವ ಮನೆಯಲ್ಲಿ ತೆರೆದ ಅಲಗು ಅಪಾಯ. ಚಿಕ್ಕ ಚೂರಿಗಂತೂ ಒರೆ ಬೇಕೇ ಬೇಕು. ಬೇಕೆಂದಾದರೆ ಅದನ್ನೂ ಕತ್ತಿಯಂತೆಯೇ ಯೋಚಿಸಿ, ಹೇಳಿ ಮಾಡಿಸಬೇಕು. ಚಕ್ಕೆಯಲ್ಲಿ ಹದವಾದ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಚರ್ಮ ಆರಿಸಿ, ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಸುತ್ತಿದ ಅಲಗಿನ ಮೇಲೆ ಒತ್ತಿ ಆಕಾರ ಹಿಡಿಸಬೇಕು. ಬಾಯಿ ಬರುವ ಕಡೆ ಎರಡು ಪದರದ ನಡುವೆ ಚರ್ಮದ ಇನ್ನೊಂದು ಪಟ್ಟಿ ಸೇರಿಸಿ ಹೊಲಿಯುವುದನ್ನು ಮರೆಯಬಾರದು. ಆ ಪಟ್ಟಿ ಇಲ್ಲದಿದ್ದರೆ ಕತ್ತಿ ಹಾಕಿ ತೆಗೆಯುವಾಗಲೆಲ್ಲ ಬಾಯಿ ದಾರವನ್ನೇ ಕೊಯ್ಯುತ್ತದೆ, ಒಂದು ದಿನ ಒರೆ ಬಿಚ್ಚಿಕೊಂಡು ಅಲಗು ತೊಡೆಗೆ ಇಳಿಯುತ್ತದೆ. ದಾರಕ್ಕೆ ಜೇನುಮೇಣ ಉಜ್ಜಿ, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಕಟ್ಟಿ, ಪ್ರತಿ ತೂತಿನಲ್ಲೂ ಎರಡನ್ನೂ ಎದುರುಬದುರಾಗಿ ಹಾಯಿಸಿ ಹೊಲಿದದ್ದು ಒಂದು ಕಡೆ ಹರಿದರೂ ಉಳಿದ ಹೊಲಿಗೆ ಬಿಡುವುದಿಲ್ಲ. ಯಂತ್ರದ ಹೊಲಿಗೆಗೆ ಆ ಗುಣವಿಲ್ಲ. ತಳದಲ್ಲಿ ನೀರು ಇಳಿದುಹೋಗಲು ಒಂದು ತೂತು, ಒಳಗೆ ಎರಡು ತೆಳು ಮರದ ಪಟ್ಟಿ, ಹೊರಮೈಗೆ ಮೇಣ, ಎಣ್ಣೆ. ಇಷ್ಟಾದ ಮೇಲೂ ರಾತ್ರಿ ಕತ್ತಿಯನ್ನು ಒರೆಯಿಂದ ಹೊರತೆಗೆದಿಡಬೇಕು. ಈ ಕೆಲಸವೆಲ್ಲ ಸಮಗಾರರ ಕೈಗೆ ಚೆನ್ನಾಗಿ ಬರುತ್ತದೆ. ದಪ್ಪ ಚರ್ಮವನ್ನು ಒಂದೇ ಗೆರೆಯಲ್ಲಿ ಕೊಯ್ಯುವ ಅವರ ರಂಪಿಯೂ ಕುಲುಮೆಯಲ್ಲಿ ಹುಟ್ಟಿದ ಕತ್ತಿಯೇ.

ಇಲ್ಲಿಗೆ ಬಂದ ಮೇಲೆ ನನ್ನ ವಾದಕ್ಕೆ ಇರುವ ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆಯನ್ನು ಎದುರಿಸದೆ ಮುಂದೆ ಹೋಗಲಾಗದು. ಕಮ್ಮಾರ, ಸಮಗಾರ ಎಂಬ ಹೆಸರುಗಳು ಬರಿಯ ಕಸುಬಿನ ಹೆಸರುಗಳಾಗಿರಲಿಲ್ಲ, ಜಾತಿಯ ಹೆಸರುಗಳಾಗಿದ್ದವು. ವರ್ಷಕ್ಕಿಷ್ಟು ಭತ್ತ ಅಳೆದು ಕೊಟ್ಟು ವರ್ಷವಿಡೀ ದುಡಿಸಿಕೊಳ್ಳುವ ಪದ್ಧತಿಯಲ್ಲಿ ಚೌಕಾಸಿಯ ಶಕ್ತಿ ಇದ್ದದ್ದು ಕಣದ ಒಡೆಯನಿಗೆ. ಚರ್ಮ ಮುಟ್ಟುವವರನ್ನಂತೂ ಊರಿನ ಅಂಚಿಗೆ ತಳ್ಳಿ, ಅವರು ಹೊಲಿದ ಜೋಡನ್ನು ಮೆಟ್ಟಿಕೊಂಡು ಅವರನ್ನು ಮುಟ್ಟದೆ ಬದುಕಿದ ಸಮಾಜ ನಮ್ಮದು. ಅಂಥ ವ್ಯವಸ್ಥೆಯ ಕತ್ತಿ, ಒರೆಗಳನ್ನು ಈಗ ಹೊಗಳುವುದು ಆ ಅನ್ಯಾಯಕ್ಕೆ ಹೊಳಪು ಕೊಟ್ಟಂತೆ ಆಗುವುದಿಲ್ಲವೇ ಎಂದು ಕೇಳಿದರೆ, ಕೇಳುವವರ ಪರವಾಗಿಯೇ ನಾನಿದ್ದೇನೆ. ಕುಲುಮೆಯ ಮಗ ಕುಲುಮೆಗೇ ಬರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಓದಿ ಬೇರೆ ಕೆಲಸಕ್ಕೆ ಹೋದವರು ಸರಿಯಾದುದನ್ನೇ ಮಾಡಿದ್ದಾರೆ. ಆದರೆ ಜಾತಿಯ ಕಟ್ಟು ಬಿಚ್ಚುವುದು ಒಂದು, ಕೈಯ ವಿದ್ಯೆ ಕಳೆದುಹೋಗುವುದು ಇನ್ನೊಂದು. ಮೊದಲನೆಯದು ಆಗಲೇಬೇಕು, ಎರಡನೆಯದು ಆಗಬೇಕಾಗಿಲ್ಲ. ವಿದ್ಯೆ ಉಳಿಯಬೇಕಾದರೆ ಅದಕ್ಕೆ ಮರ್ಯಾದೆಯ ಬೆಲೆ ಸಿಗಬೇಕು, ಯಾವ ಮನೆಯಲ್ಲಿ ಹುಟ್ಟಿದವರಾದರೂ ಕಲಿಯುವಂತಿರಬೇಕು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆಯೂ ಇದೆ, ಚರ್ಮದ ಕೆಲಸವೂ ಇದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿ ಸೇರಿವೆ. ಅಷ್ಟು ಒಳ್ಳೆಯದೇ. ಆದರೆ ಸಲಕರಣೆ ಬಂದ ಮಾತ್ರಕ್ಕೆ ಕುಲುಮೆ ಉರಿಯುವುದಿಲ್ಲ, ಗಿರಾಕಿ ಬಂದರೆ ಉರಿಯುತ್ತದೆ. ಪಟ್ಟಣದ ಹವ್ಯಾಸಿ ಸಾವಿರಗಟ್ಟಲೆ ಕೊಟ್ಟು ಕತ್ತಿ ಮಾಡಿಸುವುದರ ಬಗ್ಗೆ ನನಗೆ ಗೌರವ ಇರುವುದು ಇದಕ್ಕಾಗಿಯೇ. ಕೈಕೆಲಸಕ್ಕೆ ಅದರ ಹೊತ್ತಿನ ಲೆಕ್ಕದಲ್ಲಿ ಬೆಲೆ ಕಟ್ಟುವುದನ್ನು ಅವರು ತೋರಿಸಿಕೊಟ್ಟಿದ್ದಾರೆ. ನಾವು ಊರಿನವರು ಅದೇ ಆಚಾರಿಯ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

ಯಂತ್ರಗಳ ವಿಚಾರ ಚಿಕ್ಕದು. ಅಡಿಕೆ ಸುಲಿಯುವ ಯಂತ್ರ ಬಂದಿದೆ, ಮೆಟ್ಟುಗತ್ತಿ ಹಿಂದೆ ಸರಿಯುತ್ತಿದೆ; ರಾತ್ರಿಯಿಡೀ ಕೂತು ಬೆರಳು ಕಪ್ಪು ಮಾಡಿಕೊಂಡು ಸುಲಿಯುತ್ತಿದ್ದವರ ಬೆನ್ನುನೋವನ್ನು ನೆನೆದರೆ ಅದಕ್ಕೆ ದುಃಖಿಸಬೇಕಾಗಿಲ್ಲ. ಮರ ಹತ್ತುವ ಬದಲು ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ಬಂದಿದೆ, ಜೀವ ಉಳಿಸುವ ಸಾಧನ ಅದು. ಆದರೆ ದೋಟಿಯ ತುದಿಯಲ್ಲಿ ಇರುವುದೂ ಒಂದು ಕತ್ತಿಯೇ ತಾನೇ? ಅಷ್ಟು ಎತ್ತರದಲ್ಲಿ, ಬಾಗುವ ಕೋಲಿನ ತುದಿಯಲ್ಲಿ, ಎಳೆದರೆ ಕೊಯ್ಯಬೇಕು, ತೂಕ ಕೆಲವು ಗ್ರಾಂ ಹೆಚ್ಚಾದರೂ ಹಿಡಿದವರ ಕತ್ತು ಸೋಲುತ್ತದೆ. ಅದರ ಬಾಗು ಎಷ್ಟಿರಬೇಕು, ಹದ ಎಲ್ಲಿ ನಿಲ್ಲಬೇಕು ಎಂಬುದು ಕುಲುಮೆಗೆ ಬಂದ ಹೊಸ ಪ್ರಶ್ನೆ, ಕುಲುಮೆಯೇ ಉತ್ತರಿಸಬೇಕಾದ ಪ್ರಶ್ನೆ. ಕತ್ತಿ ಎಂದರೆ ಹಿಂಸೆ, ಅದರ ಮೇಲೆ ಇಷ್ಟು ಪ್ರೀತಿ ಯಾಕೆ ಎನ್ನುವವರಿಗೂ ಒಂದು ಮಾತು. ತೀರ್ಥಹಳ್ಳಿಯ ಹೆಸರಿನೊಳಗಿನ ತೀರ್ಥವೇ ಆಯುಧದ ಕಲೆ ತೊಳೆದ ತೀರ್ಥ. ಪರಶುರಾಮನ ಕೊಡಲಿಗೆ ಅಂಟಿದ ನೆತ್ತರು ತುಂಗೆಯ ಆ ಕುಂಡದಲ್ಲಿ ಬಿಟ್ಟುಹೋಯಿತೆಂದು ನಂಬಿ ಜನ ಎಳ್ಳಮಾವಾಸ್ಯೆಯಲ್ಲಿ ಮುಳುಗಿ ಏಳುತ್ತಾರೆ. ಕಡಿಯುವ ವಸ್ತುವಿನ ಭಾರವನ್ನು ಅರಿಯದ ಊರು ಇದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ಕೆಲಸ ಹೇಳಿ ಮಾಡಿಸಿದ ಕತ್ತಿ ಆ ಕೆಲಸದ ಆಕಾರವನ್ನೇ ಹೊತ್ತಿರುತ್ತದೆ, ಅದು ಯಾತಕ್ಕೆಂದು ನೋಡಿದವರಿಗೆ ಗೊತ್ತಾಗುತ್ತದೆ.

ಮುಂದಿನ ಸಲ ಕತ್ತಿ ಬೇಕಾದಾಗ ಮೇ ತಿಂಗಳು ಮುಗಿಯುವ ಮೊದಲೇ, ಇದ್ದಿಲು ಒಣಗಿರುವಾಗಲೇ, ನಿಮಗೆ ಹತ್ತಿರದ ಕುಲುಮೆಗೆ ಹೋಗಿ. ಸವೆದ ಹಳೆಯ ಕತ್ತಿಯನ್ನು ಜೊತೆಗೆ ಒಯ್ಯಿರಿ. ಏನು ಕಡಿಯುತ್ತೀರಿ, ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಬಿಡಿಸಿ ಹೇಳಿ, ಹಿಡಿಯ ಮರವನ್ನು ಕೈಯಲ್ಲಿ ಹಿಡಿದು ನೋಡಿ ಆರಿಸಿ. ಸೊಂಟಕ್ಕೆ ಕೊಕ್ಕೆಯನ್ನೂ ಅಲ್ಲೇ ಮಾಡಿಸಿ. ಒರೆ ಬೇಕಾದರೆ ಸಮಗಾರರಿಗೆ ಕತ್ತಿಯನ್ನೇ ಕೊಟ್ಟು ಅಳತೆ ತೆಗೆಸಿ. ಇಬ್ಬರೂ ಕೇಳಿದ ಬೆಲೆಯನ್ನು ಪೂರ್ತಿಯಾಗಿ ಕೊಡಿ.